ರೇಣವ್ವನ ಉಡಿಗೆ ಬಿದ್ದ ಕೂಸು

ಧಾರವಾಡದ ಲಕಮನಹಳ್ಳಿಯ ನಮ್ಮ ಓಣಿಗೆ ರೇಣವ್ವ ಬಾಡಿಗೆಗೆ ಬಂದ ದಿನವೇ ನನಗೂ ಅವಳಿಗೂ ಜಗಳವಾಯಿತು. ನಳದ ಮುಂದೆ ನನ್ನ ಕೊಡ ಮೊದಲಿತ್ತು. ಅವರ ಸಾಮಾನು ಇಳಿಸುವುದು ಇನ್ನೂ ಮುಗಿದಿರಲಿಲ್ಲ. ಬಗಲಲ್ಲಿ ವರ್ಷದ ಕೂಸನ್ನು ಇಟ್ಟುಕೊಂಡು ಬಂದವಳು ನನ್ನ ಕೊಡವನ್ನು ಕಾಲಿನಿಂದ ಆಚೆ ಸರಿಸಿ ತನ್ನದನ್ನು ಇಟ್ಟಳು. ನಾನು ಸರಕಾರಿ ಕನ್ನಡ ಶಾಲೆಯ ಶಿಕ್ಷಕಿ. ಸಾಲು ತಪ್ಪಿಸಿದವರನ್ನು ಸುಮ್ಮನೆ ಬಿಟ್ಟು ನನಗೆ ಅಭ್ಯಾಸವಿರಲಿಲ್ಲ.

“ಪಾಳಿ ಇರೂದು ಕಾಣೂದಿಲ್ಲೇನವಾ?” ಎಂದೆ.

“ಕಾಣತೈತ್ರಿ. ಕೂಸಿನ ಮೈ ಕಾದೈತಿ, ನಿಮಗ ಅದು ಕಾಣೂದಿಲ್ಲೇನ್ರಿ?” ಎಂದು ನೀರು ತುಂಬಿಸಿಕೊಂಡು ಹೋಗಿಯೇಬಿಟ್ಟಳು.

ಸಂಜೆ ಅವಳೇ ಬಂದು ಎರಡು ಬಿಸಿ ರೊಟ್ಟಿ, ಒಂದು ಬಟ್ಟಲು ಎಣ್ಣೆಗಾಯಿ ಪಲ್ಲೆ ಇಟ್ಟಳು. ತಪ್ಪಾಯಿತು ಎನ್ನಲಿಲ್ಲ. “ಉಪ್ಪು ಕಡಿಮಿ ಆಗಿದ್ರ ಹಾಕ್ಕೊಳ್ರಿ ಅಕ್ಕೋರ” ಎಂದಷ್ಟೇ ಹೇಳಿ ಹೋದಳು. ಆ ರೊಟ್ಟಿ ತಿಂದ ಮೇಲೆ ನಳದ ಜಗಳವನ್ನು ಮುಂದುವರಿಸುವ ಮನಸ್ಸು ನನಗೂ ಉಳಿಯಲಿಲ್ಲ.

ಅವಳ ಗಂಡ ಕಲ್ಲೇಶ ಇಲ್ಲೇ ಕೈಗಾರಿಕಾ ವಸಾಹತಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಹೆಂಡತಿಯ ಹತ್ತು ಮಾತಿಗೆ ಅವನದು ಒಂದು ‘ಹೂಂ’. ರೇಣವ್ವ ಮನೆಯಲ್ಲೇ ಜೋಳದ ರೊಟ್ಟಿ ಬಡಿದು, ಸಪ್ತಾಪುರದ ಕಡೆ ರೂಮು ಮಾಡಿಕೊಂಡು ಪರೀಕ್ಷೆಗೆ ಓದುವ ಹುಡುಗರಿಗೆ ಕೊಡುತ್ತಿದ್ದಳು. ಆ ವರ್ಷಗಳ ಮುಂಜಾವುಗಳೆಲ್ಲ ನನಗೆ ರೊಟ್ಟಿ ಬಡಿಯುವ ಸದ್ದಿನಿಂದಲೇ ನೆನಪಾಗುತ್ತವೆ. ಕೂಸು ದುರ್ಗಾ ಒಲೆಯಿಂದ ಮಾರು ದೂರ ಕುಳಿತು, ನಾದುವ ಕೊಣಮಿಗೆಯಲ್ಲಿ ಉಳಿದ ಹಿಟ್ಟನ್ನು ಮುಖಕ್ಕೆಲ್ಲ ಬಳಿದುಕೊಂಡು, ತಾನೂ ನೆಲ ಬಡಿಯುತ್ತಿತ್ತು. ಹಿಟ್ಟಿನಲ್ಲಿ ಬೆರಳಾಡಿಸುತ್ತಲೇ ಅದು ಅ, ಆ ಕಲಿತದ್ದು, ಕಲಿಸಿದ್ದು ನಾನು. ಈಗ ಮನೆಮನೆಗೂ ನಳ ಬಂದಿದೆ, ಜಗಳಕ್ಕೆ ಒಂದು ನೆವವೂ ಸಿಗುವುದಿಲ್ಲ.

ದುರ್ಗಾ ರೇಣವ್ವ ಹೆತ್ತ ಮಗಳಲ್ಲ. ಇದನ್ನು ಅವಳು ಯಾರಿಂದಲೂ ಮುಚ್ಚಿಡಲಿಲ್ಲ, ದುರ್ಗಾಳಿಂದಲೂ. ಹೆತ್ತವಳು ಕಾವೇರಿ, ಕಲ್ಲೇಶನ ತಮ್ಮ ಮೈಲಾರಿಯ ಹೆಂಡತಿ. ಆಗ ಅಣ್ಣತಮ್ಮಂದಿರಿಬ್ಬರೂ ಹಳೇ ಹುಬ್ಬಳ್ಳಿಯ ಒಂದೇ ಮನೆಯಲ್ಲಿ ತಾಯಿ ಮಾಳವ್ವನ ಜೊತೆಗಿದ್ದರು. ಮದುವೆಯಾಗಿ ಹತ್ತು ವರ್ಷ ಕಳೆದರೂ ರೇಣವ್ವನ ಉಡಿ ತುಂಬಿರಲಿಲ್ಲ. ಕಾವೇರಿಗೆ ಎರಡು ಹೆಣ್ಣಿದ್ದವು, ಮೂರನೆಯದೂ ಹೆಣ್ಣಾಯಿತು. ತೊಟ್ಟಿಲಿಗೆ ಹಾಕುವ ದಿನ ಮಾಳವ್ವ ಅಂಗಳದಲ್ಲಿ ಕರೀ ಕಂಬಳಿ ಹಾಸಿ, ಹಿರಿಮಗ ಸೊಸೆಯನ್ನು ಕೂರಿಸಿ, ಹಣೆಗೆ ಭಂಡಾರ ಹಚ್ಚಿದಳು. ಬಾಣಂತಿಯ ಕೋಣೆಗೆ ತಾನೇ ಹೋಗಿ ಕೂಸನ್ನು ಎತ್ತಿಕೊಂಡು ಬಂದು ರೇಣವ್ವನ ಉಡಿಯಲ್ಲಿ ಹಾಕಿದಳು. ಕುಲದ ಹಿರಿಯರಾದ ದೈವದವರು ಅಕ್ಷತೆ ಹಾಕಿದರು, ಗುಗ್ಗರಿ ತಿಂದರು, ಹೋದರು.

“ಕಾವೇರಿ ಎಲ್ಲಿದ್ಲು?” ಎಂದು ನಾನೊಮ್ಮೆ ಕೇಳಿದ್ದೆ.

“ಒಳಗಿದ್ಲ್ರಿ. ಹೆತ್ತಾಕಿ ಕೈಲೆ ಕೊಡಬಾರದಂತ್ರಿ. ಹೆತ್ತ ಕೈಯಿಂದ ಕೊಟ್ರ ಕೂಸು ತಿರುಗಿ ತಾಯಿ ಕಡೆನ ಎಳಿತೈತಂತ. ನಮ್ಮ ಮನಿತನದಾಗ ಹಿರೇರ ಕೊಡಬೇಕು.”

ಕಾವೇರಿ ಕೂಸಿಗೆ ಹಾಲು ಕುಡಿಸಿದಳು, ಮಿಕ್ಕಿದ್ದನ್ನೆಲ್ಲ ರೇಣವ್ವ ಮಾಡಿದಳು. ಹಾಲು ಬಿಡಿಸಿದ ತಿಂಗಳಲ್ಲೇ ಇವರು ಧಾರವಾಡಕ್ಕೆ ಬಂದರು. ಮುಂದೆ ಮೈಲಾರಿ ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಸಣ್ಣದೊಂದು ಕಿರಾಣಿ ಅಂಗಡಿ ಹಾಕಿ, ತಾಯಿಯನ್ನು ಕರೆದುಕೊಂಡು ಅದರ ಹಿಂದಿನ ಮನೆಯಲ್ಲೇ ಸಂಸಾರ ಹೂಡಿದ.

ಹಬ್ಬಹುಣ್ಣಿಮೆಗೆ ಕಾವೇರಿ ಬರುತ್ತಿದ್ದಳು. ತೆಳ್ಳಗಿನ, ಮಾತು ಕಡಿಮೆಯ ಹೆಂಗಸು. ದುರ್ಗಾ ಅವಳನ್ನು ‘ಚಿಗವ್ವ’ ಎಂದು ಕರೆಯುತ್ತಿತ್ತು. ಓಣಿಯಲ್ಲಿ ಹುಲಿಯಂತೆ ಓಡಾಡುವ ರೇಣವ್ವ ಆ ದಿನಗಳಲ್ಲಿ ಬೇರೆಯೇ ಹೆಂಗಸಾಗುತ್ತಿದ್ದಳು. ಹೋಳಿಗೆಯ ಮೇಲೆ ಹೋಳಿಗೆ ಬಡಿಸುತ್ತಿದ್ದಳು, ಬೇಡವೆಂದರೂ ಸೀರೆ ಉಡಿಸುತ್ತಿದ್ದಳು. ಆದರೆ ಕಾವೇರಿ, ದುರ್ಗಾ ಇಬ್ಬರನ್ನೇ ಒಂದು ಕೋಣೆಯಲ್ಲಿ ಬಿಡುತ್ತಿರಲಿಲ್ಲ. ಕಾವೇರಿ ಹುಡುಗಿಯ ತಲೆ ಬಾಚಲು ಕೂತರೆ ರೇಣವ್ವ ಚಹಾ ತಂದಳು. ಚಹಾ ಮುಗಿದರೆ ಅಡಿಕೆ ತಂದಳು. ಅಡಿಕೆ ಮುಗಿದರೆ ಬೆಳಗಿದ ತಂಬಿಗೆಯನ್ನೇ ತಂದು ಅಲ್ಲೇ ಕೂತು ಮತ್ತೆ ಬೆಳಗಿದಳು. “ಎಷ್ಟ್ ಛಲೋ ನೆಗೆಣ್ಣ್ಯಾರು” ಎಂದು ಓಣಿಯ ಹೆಂಗಸರು ಹೊಗಳುತ್ತಿದ್ದರು. ಪಕ್ಕದ ಮನೆಯವಳಾದ ನನಗೆ ಮಾತ್ರ ಅದು ಅಂಜಿಕೆ ಎಂದು ಗೊತ್ತಿತ್ತು.

ಆ ಅಂಜಿಕೆಗೆ ಬಾಯಿ ಬಂದದ್ದು ದುರ್ಗಾ ಒಂಬತ್ತನೇ ತರಗತಿಯಲ್ಲಿದ್ದಾಗ. ಶಾಲೆಗೆ ಸೇರಿಸುವಾಗ ನಾನೇ ಕೈಹಿಡಿದು ಕರೆದುಕೊಂಡು ಹೋಗಿದ್ದೆ, ತಂದೆ ಕಲ್ಲೇಶ, ತಾಯಿ ರೇಣವ್ವ ಎಂದೇ ಬರೆಸಿದ್ದೆವು. ಯಾರೂ ಏನೂ ಕೇಳಿರಲಿಲ್ಲ. ಈಗ ಎಸ್ಸೆಸ್ಸೆಲ್ಸಿಗೆ ಮೊದಲು ಎಲ್ಲ ದಾಖಲೆ ತಾಳೆಯಾಗಬೇಕೆಂದು ಹೈಸ್ಕೂಲಿನ ಹೆಡ್‌ಮಾಸ್ತರರು ಜನನ ಪ್ರಮಾಣಪತ್ರ ತರಿಸಿದರು. ಅದರಲ್ಲಿ ತಂದೆ ಮೈಲಾರಿ, ತಾಯಿ ಕಾವೇರಿ. “ದತ್ತಕ ತಗೊಂಡಿದ್ರ ಅದರ ಪತ್ರ ತರ್ರಿ. ಇಲ್ಲಾಂದ್ರ ಹೆತ್ತವರ ಹೆಸರ ಹಾಕಬೇಕಾಗತೈತಿ” ಎಂದರಂತೆ.

ಪತ್ರ ಎಲ್ಲಿಂದ ತರುವುದು? ಕಲ್ಲೇಶ ಎರಡು ದಿನ ರಜೆ ಹಾಕಿ ಕಚೇರಿಯಿಂದ ಕಚೇರಿಗೆ ಅಲೆದ. ಮಕ್ಕಳ ರಕ್ಷಣೆಯ ಕಚೇರಿಯಲ್ಲಿ, ಅನಾಥ ಮಕ್ಕಳನ್ನು ಮತ್ತು ಹೆತ್ತವರು ಸರಕಾರಕ್ಕೆ ಒಪ್ಪಿಸಿದ ಮಕ್ಕಳನ್ನು ದತ್ತಕ ಪಡೆಯಲು ಕಂಪ್ಯೂಟರಿನಲ್ಲಿ ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾಯಬೇಕು, ಅಧಿಕಾರಿಗಳು ಮನೆಗೆ ಬಂದು ನೋಡುತ್ತಾರೆ, ಕೊನೆಗೆ ಜಿಲ್ಲಾಧಿಕಾರಿಗಳ ಆದೇಶವಾಗುತ್ತದೆ ಎಂದು ತಿಳಿಸಿ ಹೇಳಿದರು. ಬಳಗದೊಳಗೇ ಕೊಟ್ಟು ತೆಗೆದುಕೊಂಡದ್ದಾದರೆ ದಾರಿ ಬೇರೆ, ವಕೀಲರನ್ನು ಕಾಣಿರಿ ಎಂದರು. ನನ್ನ ಹಳೆಯ ವಿದ್ಯಾರ್ಥಿನಿ ಸಂಘಮಿತ್ರಾ ಧಾರವಾಡ ಕೋರ್ಟಿನಲ್ಲಿ ವಕೀಲೆ. ಮೂರನೇ ತರಗತಿಯಲ್ಲಿ ಒಂದು ಪ್ರಶ್ನೆಗೆ ಉತ್ತರ ಸಿಗುವವರೆಗೆ ಕೆಳಗೆ ಕೂರದ ಹುಡುಗಿ ಅದು. ದೀಪಾವಳಿ ಮುಗಿದ ವಾರ ಎರಡೂ ಮನೆಯವರನ್ನು ಕರೆದುಕೊಂಡು ಅವಳ ಆಫೀಸಿಗೆ ಹೋದೆ. ಮಾಳವ್ವನೂ ಕೋಲು ಊರಿಕೊಂಡು ಬಂದಳು.

ಸಂಘಮಿತ್ರಾ ಎಲ್ಲವನ್ನೂ ಕೇಳಿಸಿಕೊಂಡಳು. “ಅಂಜಬ್ಯಾಡ್ರಿ. ಹಿಂದೂ ದತ್ತಕ ಕಾಯ್ದೆಯೊಳಗ ಪತ್ರಕ್ಕಿಂತ ಮೊದಲ ನೋಡೂದು, ಕೂಸನ್ನ ಖರೇನ ಕೊಟ್ಟಾರೋ ಇಲ್ಲೋ, ತಗೊಂಡಾರೋ ಇಲ್ಲೋ ಅಂತ. ಉಡಿಯಾಗ ಹಾಕಿದ್ದು ದೊಡ್ಡ ಮಾತ ಐತಿ” ಎಂದಳು.

ಮಾಳವ್ವನ ಮುಖ ಅರಳಿತು. “ನಾನ ಹಾಕೇನವಾ, ಈ ಕೈಲೆ” ಎಂದಳು.

“ಆದ್ರ ಅಜ್ಜಿ, ಕೊಡೂ ಹಕ್ಕು ತಂದಿತಾಯಿಗೆ ಮಾತ್ರ ಇರತೈತಿ. ಅವರು ಒಪ್ಪಿ, ನೀವು ಕೊಡ್ರಿ ಅಂತ ನಿಮಗ ಹೇಳಿದ್ರ, ನೀವು ಕೊಟ್ಟಿದ್ದೂ ನಡಿತೈತಿ.” ಅವಳು ಮೈಲಾರಿಯ ಕಡೆ ತಿರುಗಿದಳು. “ನೀವು ಒಪ್ಪಿದ್ರೇನ್ರಿ?”

“ಅವ್ವ ಕೇಳಿದ್ಲ್ರಿ. ಹೂಂ ಅಂದಿದ್ದೆ” ಎಂದ ಅವನು.

“ಅಕ್ಕಾರ, ನೀವು?”

ಕಾವೇರಿ ಮಡಿಲಲ್ಲಿದ್ದ ಕೈಚೀಲದ ಹಿಡಿಕೆಯನ್ನು ತಿರುವುತ್ತ ಕೂತಿದ್ದಳು. ಎಲ್ಲರೂ ಅವಳ ಹೂಂ ಬಂದೇಬಿಟ್ಟಿತು ಎಂಬ ಹಾಗೆ ಆಗಲೇ ಏಳಲು ತಯಾರಾಗಿದ್ದರು.

“ನನ್ನ ಯಾರೂ ಕೇಳಿಲ್ಲರೀ” ಎಂದಳು ಕಾವೇರಿ.

ಮೈಲಾರಿ, “ಏ, ಹೂಂ ಅಂತ ಹೇಳ, ಮುಗಿದು ಹೋಗತೈತಿ” ಎಂದ.

“ಖೊಟ್ಟಿ ಹೆಂಗ ಹೇಳ್ಲಿ? ಕೂಸು ಮಲಗಿತ್ತು, ನಾನೂ ಮಲಗಿದ್ದೆ. ಎಚ್ಚರಾದಾಗ ಬಗಲಾಗ ಕೂಸಿರಲಿಲ್ಲ. ಹೊರಗ ಹಾಡು ಕೇಳಸಾಕತ್ತಿತ್ತು.”

ಇಷ್ಟು ವರ್ಷ ಎಲ್ಲರೂ ಕೊಟ್ಟದ್ದು, ತೆಗೆದುಕೊಂಡದ್ದು ಎಂದು ಹೇಳಿಕೊಂಡು ಬಂದ ಕತೆಯಲ್ಲಿ ಹೆತ್ತವಳೇ ಇರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಸಂಘಮಿತ್ರಾ ಮೆಲ್ಲಗೆ ಹೇಳಿದಳು: ತಾಯಿಯ ಒಪ್ಪಿಗೆ ಇಲ್ಲದಿದ್ದರೆ ಅಂದು ಆದದ್ದು ದತ್ತಕವಲ್ಲ. ಈಗ ಹೊಸದಾಗಿ ಕೊಡಬೇಕು, ತೆಗೆದುಕೊಳ್ಳಬೇಕು, ಪತ್ರ ಬರೆದು ನೋಂದಣಿ ಮಾಡಿಸಬೇಕು. ಹದಿನೈದು ತುಂಬಿದ ಮೇಲೆ ಈ ದಾರಿ ಸಾಮಾನ್ಯವಾಗಿ ಮುಚ್ಚಿದ ಹಾಗೇ. ದುರ್ಗಾಗೆ ಇನ್ನೆರಡು ತಿಂಗಳಲ್ಲಿ, ಬನದ ಹುಣ್ಣಿಮೆಗೆ, ಹದಿನೈದು ತುಂಬುತ್ತಿತ್ತು. “ಅಕ್ಕಾರು ಒಲ್ಲೆ ಅಂದ್ರ ಯಾರೂ ಏನೂ ಮಾಡಾಕ ಬರೂದಿಲ್ಲ. ಅವರಿಗೆ ಜುಲುಮಿ ಮಾಡಬ್ಯಾಡ್ರಿ” ಎಂದೂ ಹೇಳಿದಳು.

ಕಾವೇರಿ ಒಲ್ಲೆ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಹುಬ್ಬಳ್ಳಿಯ ಬಸ್ಸು ಹತ್ತಿ ಹೋದಳು.

ಮರುದಿನ ರೊಟ್ಟಿ ಬಡಿಯುವ ಸದ್ದು ಕೇಳಲಿಲ್ಲ. ಹೋಗಿ ನೋಡಿದರೆ ರೇಣವ್ವ ಹೊತ್ತಿಸದ ಒಲೆಯ ಮುಂದೆ ಕೂತಿದ್ದಾಳೆ.

“ಆಕಿ ಬಂದು ಕೈ ಹಿಡದು ಕರಕೊಂಡು ಹೋದ್ರ ನಾ ಯಾವ ಬಾಯಿಲೆ ಬ್ಯಾಡ ಅನ್ಲಿ ಅಕ್ಕೋರ? ಕಾಯ್ದೇನೂ ಆಕಿ ಕಡೇನ ಐತಿ. ಹೆತ್ತ ಹೊಟ್ಟೀನೂ ಆಕೀದ.”

“ಹೋಗಿ ಕೇಳು ಆಕಿನ್ನ” ಎಂದೆ.

“ಕೇಳಿದ್ರ ಒಲ್ಲೆ ಅಂದಗಿಂದಾಳು.”

ಕೇಳದಿದ್ದರೆ ಒಲ್ಲೆ ಎನ್ನುವಂತಿಲ್ಲ. ಇದೇ ಲೆಕ್ಕವನ್ನು ಮಾಳವ್ವನೂ ಅಂದು ಹಾಕಿದ್ದಳು. ಹಾಗೆಂದು ಬಾಯಿಬಿಟ್ಟು ಹೇಳಲು ನನಗೆ ಮನಸ್ಸಾಗಲಿಲ್ಲ, ಅವಳ ಮುಖ ಹಾಗಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ ದುರ್ಗಾ ಒಳಗೆ ಬಂದಳು. ಯಾವಾಗ ಇಷ್ಟು ಎತ್ತರ ಬೆಳೆದಿದ್ದಳೋ, ಚೌಕಟ್ಟಿಗೆ ತಲೆ ತಾಗುವಂತಿದ್ದಳು.

“ಎಲ್ಲಾರೂ ಕೊಟ್ರು ತಗೊಂಡ್ರು ಅಂತ ಮಾತಾಡಾಕತ್ತೀರಿ. ನಾನೇನು ನೀರಿನ ಚರಗಿನ?” ಎಂದಳು. ನನಗೆ ನಗು ಬಂತು. ರೇಣವ್ವ ಅಳುತ್ತಿದ್ದುದರಿಂದ ತಡೆದುಕೊಂಡೆ. “ನಾ ಇಲ್ಲೇ ಇರಾಕಿ ಬೇ. ಇದು ನನ್ನ ಮನಿ. ಆದ್ರ ನಾ ಚಿಗವ್ವನ ಕೂಡ ಒಮ್ಮೆ ಮಾತಾಡಬೇಕು. ನೀ ನಡುವ ಬರಬ್ಯಾಡ.”

ಐತವಾರ ಮೂವರೂ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋದೆವು. ನವಲೂರು, ಉಣಕಲ್ಲು, ವಿದ್ಯಾನಗರ ಒಂದೊಂದಾಗಿ ಹಿಂದೆ ಹೋದವು. ದಾರಿಯುದ್ದ ಕಂಡಕಂಡವರನ್ನು ಮಾತಿಗೆಳೆಯುವ ರೇಣವ್ವ ಅಂದು ಕಿಟಕಿಯ ಕಡೆ ಮುಖ ಮಾಡಿ ಕೂತವಳು ಕೂತೇ ಇದ್ದಳು. ಕೇಶ್ವಾಪುರದಲ್ಲಿ ಅಂಗಡಿಯ ಹಿಂದಿನ ಮನೆಯ ಬಾಗಿಲಿಗೆ ಕಾವೇರಿಯೇ ಬಂದಳು. ರೇಣವ್ವ ಚಪ್ಪಲಿ ಸಹ ಬಿಡಲಿಲ್ಲ, ಹೊಸ್ತಿಲ ಹೊರಗೇ ನಿಂತಳು. ಎಷ್ಟೋ ಸಲ ಬಾಯಿಪಾಠ ಮಾಡಿಕೊಂಡು ಬಂದಿರಬೇಕು, ಆದರೂ ಮಾತು ಸರಿಯಾಗಿ ಹೊರಡಲಿಲ್ಲ.

“ಕಾವೇರಿ, ಅವತ್ತ ನಾ ಉಡಿ ಒಡ್ಡಿಕೊಂಡು ಕೂತಿದ್ನೆಲ್ಲಾ, ಒಳಗ ಬಂದು ನಿನ್ನ ಕೇಳಬೇಕಿತ್ತು. ನನಗ ಖುಷಿಗೆ ಏನೂ ತಿಳೀಲಿಲ್ಲ. ಆಮ್ಯಾಲ ಅಂಜಿಕಿ ಆತು. ಈಗ ಕೇಳಾಕ ಬಂದೇನಿ. ನಿನ್ನ ಮಗಳನ್ನ ನನಗ ಕೊಡ್ತೀಯೇನವಾ?”

ಇಷ್ಟು ವರ್ಷಗಳಲ್ಲಿ ರೇಣವ್ವನ ಬಾಯಿಂದ ‘ನಿನ್ನ ಮಗಳು’ ಎಂಬ ಮಾತು ನಾನು ಕೇಳಿದ್ದು ಅದೇ ಮೊದಲು. ಕಾವೇರಿ ಬಾಗಿಲಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು.

“ಆಕಿನ್ನ ಒಳಗ ಕಳಸಕ್ಕಾ. ನೀ ಹೊರಗ ಇರು” ಎಂದಳು.

ನಾವಿಬ್ಬರೂ ಅಂಗಡಿಯ ಕಟ್ಟೆಯ ಮೇಲೆ ಕೂತೆವು. ಏನು ಮಾಡಲೂ ತೋಚದ ಮೈಲಾರಿ ನಮಗೆ ಸೋಡಾ ಒಡೆದುಕೊಟ್ಟ. ರೇಣವ್ವ ಕುಡಿಯಲಿಲ್ಲ. ಎದುರಿಗಿದ್ದ ಶೇಂಗಾದ ಬುಟ್ಟಿಯನ್ನು ಎಳೆದುಕೊಂಡು ಹುಳುಕು ಕಾಳು ಆರಿಸತೊಡಗಿದಳು. ಎರಡು ಸಲ ಎದ್ದಳು. “ಚಾ ಮಾಡಿ ಕೊಟ್ಟ ಬರ್ಲಾ?” ಎಂದಳು. ನಾನು ಸೆರಗು ಹಿಡಿದು ಕೂರಿಸಿದೆ. ಮೂರನೇ ಸಲ ತಾನೇ ಎದ್ದು ತಾನೇ ಕೂತಳು. ಆ ದಿನ ಅವಳ ಮೇಲೆ ನನಗೆ ಹುಟ್ಟಿದ ಪ್ರೀತಿ ಅವಳ ರೊಟ್ಟಿಯಿಂದಲೂ ಹುಟ್ಟಿರಲಿಲ್ಲ.

ಒಳಗೆ ಏನು ಮಾತಾಯಿತೋ ನನಗೆ ಪೂರ್ತಿ ಗೊತ್ತಿಲ್ಲ. ದುರ್ಗಾ ಮುಂದೆಂದೋ ಒಂದು ವಿಷಯ ಮಾತ್ರ ಹೇಳಿದಳು. ತೊಟ್ಟಿಲಿಗೆ ಹಾಕುವ ಮೊದಲಿನ ಆ ಕೆಲವು ದಿನ ಕಾವೇರಿ ಅವಳನ್ನು ಬೇರೊಂದು ಹೆಸರಿನಿಂದ ಕರೆದಿದ್ದಳಂತೆ. ಆ ಹೆಸರು ಯಾವುದೆಂದು ಹುಡುಗಿ ಹೇಳಲಿಲ್ಲ, ಅದು ಅವರಿಬ್ಬರದೇ ಇರಲಿ ಎಂದು ನಾನೂ ಸುಮ್ಮನಾದೆ.

ಕಾವೇರಿ ಹೊರಗೆ ಬಂದಾಗ ಕಣ್ಣು ಕೆಂಪಾಗಿದ್ದವು, ದನಿ ಮಾತ್ರ ಗಟ್ಟಿಯಾಗಿತ್ತು. “ಅಕ್ಕಾ, ನನಗ ಆಕಿನ್ನ ಕಿತ್ತುಕೊಳ್ಳೂ ಮನಸ್ಸಿಲ್ಲ. ಬೇರಿಳಿದ ಗಿಡಾ ಯಾರರೆ ಕೀಳ್ತಾರೇನು? ನಾ ಕೊಡ್ತೇನಿ. ಆದ್ರ ನಾನ ಕೊಡ್ತೇನಿ. ಅತ್ತಿ ಅಲ್ಲ.”

ಮುಂದಿನ ಬುಧವಾರ ಲಕಮನಹಳ್ಳಿಯ ಮನೆಯಲ್ಲಿ ಮತ್ತೆ ಕರೀ ಕಂಬಳಿ ಹಾಸಿದರು. ದೈವದವರನ್ನು ಕರೆಯಲಿಲ್ಲ, ಹಾಡಿರಲಿಲ್ಲ. ಎರಡೂ ಮನೆಯವರು, ಸಾಕ್ಷಿಗೆಂದು ನಾನು, ಫೋಟೋ ತೆಗೆಯಲು ಸಂಘಮಿತ್ರಾ. ಕಲ್ಲೇಶ, ರೇಣವ್ವ ಒಂದು ಕಡೆ ಕೂತರು. ಹಣೆಗೆ ಭಂಡಾರ ಹಚ್ಚಿದ್ದಾಯಿತು. ಅಷ್ಟರಲ್ಲಿ ಮಾಳವ್ವ ಕೋಲು ಊರಿ ಎದ್ದು ದುರ್ಗಾಳ ಕೈ ಹಿಡಿಯಲು ಬಂದಳು. “ಹೆತ್ತಾಕಿ ಕೊಡಬಾರದವಾ, ಕೂಸಿಗೆ ಒಳ್ಳೇದಲ್ಲ.”

“ನೀವು ಕುಂದರ್ರಿ ಅತ್ತಿ” ಎಂದಳು ಕಾವೇರಿ.

ದನಿ ಏರಿಸಿ ಹೇಳಲಿಲ್ಲ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ಗಾದೆ ಮಾತಿಗೆ ಹೇಳುತ್ತೇವೆ; ಆ ಕಾಲ ಬದಲಾದದ್ದನ್ನು ಕಣ್ಣಾರೆ ಕಂಡದ್ದು ಅಂದು. ಮಾಳವ್ವ ಸೊಸೆಯನ್ನು ನೋಡಿದಳು, ಮತ್ತೆ ಹೋಗಿ ಗೋಡೆಗೆ ಒರಗಿ ಕೂತಳು. ಕೂತು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಕಾವೇರಿ ಕಂಬಳಿಯ ಮೇಲೆ ಕಾಲು ಮಡಚಿ ಕೂತು ದುರ್ಗಾಳನ್ನು ಉಡಿಯಲ್ಲಿ ಕೂರಿಸಿಕೊಂಡಳು. ಅಷ್ಟು ದೊಡ್ಡ ಹುಡುಗಿ, ಕಾಲು ಎಲ್ಲಿ ಚಾಚಬೇಕೆಂದೇ ತಿಳಿಯಲಿಲ್ಲ. ಯಾರೋ ನಕ್ಕರು, ದುರ್ಗಾಳೂ ನಕ್ಕಳು. ಕಾವೇರಿ ನಗಲಿಲ್ಲ. ಅವಳ ತಲೆಯನ್ನು ತನ್ನ ಎದೆಗೆ ಒತ್ತಿ ಹಿಡಿದು ಕಣ್ಣು ಮುಚ್ಚಿದಳು. ಫೋಟೋಕ್ಕೆಂದು ಫೋನು ಎತ್ತಿದ್ದ ಸಂಘಮಿತ್ರಾ ಅದನ್ನು ಕೆಳಗಿಳಿಸಿದಳು. ರೇಣವ್ವ ಉಡಿ ಒಡ್ಡಿಕೊಂಡು ಕಾದಳು. ಆ ಅವಸರದ ಹೆಂಗಸಿಗೆ ಅಷ್ಟು ತಾಳ್ಮೆ ಇರಬಹುದೆಂದು ನಾನು ಎಣಿಸಿರಲಿಲ್ಲ.

“ಇಕಿ ನನ್ನ ಮೂರನೇ ಮಗಳು. ಇಕಿನ್ನ ನಾ ನಮ್ಮಕ್ಕಗ ಕೊಡಾಕತ್ತೇನಿ” ಎಂದಳು ಕಾವೇರಿ. ದುರ್ಗಾ ಎದ್ದು ಬಂದು ರೇಣವ್ವನ ಉಡಿಯಲ್ಲಿ ಕೂತಳು. “ತಗೊಂಡೇನಿ” ಎನ್ನಬೇಕಾದ ರೇಣವ್ವ ಮಗಳ ಬೆನ್ನಿಗೆ ಮುಖ ಒತ್ತಿಕೊಂಡುಬಿಟ್ಟಳು. ಆ ಮಾತನ್ನು ಕಲ್ಲೇಶ ಇಬ್ಬರ ಪರವಾಗಿಯೂ ಹೇಳಿದ. ಅವನ ಬಾಯಲ್ಲಿ ‘ಹೂಂ’ ಬಿಟ್ಟು ಬೇರೆ ಮಾತು ಬಂದದ್ದೂ ಒಂದು ವಿಶೇಷವೇ.

ಮಧ್ಯಾಹ್ನ ಎಲ್ಲರೂ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋದೆವು. ಹೊಲ, ಮನೆ, ಸೈಟು ಬರೆಸಿಕೊಳ್ಳುವವರ ಗದ್ದಲದಲ್ಲಿ ನಮ್ಮ ಪಾಳಿ ಬರುವ ಹೊತ್ತಿಗೆ ನಾಲ್ಕು ದಾಟಿತ್ತು. ಅಧಿಕಾರಿ ದಿನವಿಡೀ ಕೇಳಿದ ಪ್ರಶ್ನೆಗಳನ್ನೇ ಕೇಳಿ ದಣಿದಿದ್ದರು. ದತ್ತಕ ಪತ್ರದ ಮೇಲೆ ಕಣ್ಣಾಡಿಸಿ, ತಲೆ ಎತ್ತದೆ, “ಕೊಡಾವ್ರು ಯಾರು?” ಎಂದರು.

ಮೈಲಾರಿ, ಕಾವೇರಿ ಮುಂದೆ ಬಂದರು. “ಓದಿ ತಿಳಕೊಂಡೀರೇನ್ರಿ? ಇಬ್ಬರೂ ಒಪ್ಪಿ ಕೊಡಾಕತ್ತೀರೇನು, ಯಾರರೆ ಜುಲುಮಿ ಮಾಡ್ಯಾರೇನು?”

“ಇಲ್ಲರೀ, ಒಪ್ಪಿ ಕೊಡಾಕತ್ತೇವಿ” ಎಂದು ಇಬ್ಬರದೂ ಸೇರಿಸಿಯೇ ಹೇಳಿ ಮೈಲಾರಿ ಹೆಬ್ಬೆಟ್ಟು ಒತ್ತಲು ಕೈ ಚಾಚಿದ. ಅಧಿಕಾರಿ ಯಂತ್ರವನ್ನು ಮುಂದೆ ಸರಿಸಿದರು. ಕಾವೇರಿ ಮಾತ್ರ ನಿಂತಲ್ಲೇ ನಿಂತಿದ್ದಳು. ರೇಣವ್ವ ನನ್ನ ಕೈಯನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿದಳು.

“ಸಾಹೇಬ್ರ,” ಎಂದಳು ಕಾವೇರಿ, “ನನ್ನೊಬ್ಬಾಕಿನ್ನ ಇನ್ನೊಮ್ಮೆ ಕೇಳ್ರಿ.”

ಅಧಿಕಾರಿ ಆಗ ತಲೆ ಎತ್ತಿದರು. ಹಿಂದೆ ಪಾಳಿಯಲ್ಲಿದ್ದವರು ಗೊಣಗಿದರು. ಏನು ಕಂಡರೋ, ಅವರು ಪೆನ್ನು ಕೆಳಗಿಟ್ಟು, ಕನ್ನಡಕ ತೆಗೆದು, ನಿಧಾನವಾಗಿ ಕೇಳಿದರು: “ಕಾವೇರಿಯವರ, ನಿಮ್ಮ ಮಗಳನ್ನ ದತ್ತಕ ಕೊಡಾಕ ನಿಮಗ ಒಪ್ಪಿಗಿ ಐತೇನ್ರಿ?”

ಕಾವೇರಿ ಆ ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಂಡಳು. ಒಮ್ಮೆ ತಿರುಗಿ ಮಗಳನ್ನು ನೋಡಿದಳು, ರೇಣವ್ವನನ್ನು ನೋಡಿದಳು.

“ಐತ್ರಿ” ಎಂದು ಹೇಳಿ ಹೆಬ್ಬೆಟ್ಟು ಒತ್ತಿದಳು.